ಮ್ಯಾನ್ಯುಯಲ್, ಎಎಂಟಿ, ಸಿವಿಟಿ, ಡಿಸಿಟಿ, ಟಾರ್ಕ್ ಕನ್ವರ್ಟರ್: ಯಾವ ಗೇರ್‌ಬಾಕ್ಸ್ ಯಾರಿಗೆ?

ಶೋರೂಮಿನಲ್ಲಿ ‘ಆಟೊಮ್ಯಾಟಿಕ್’ ಎಂಬ ಒಂದೇ ಹೆಸರಿನಡಿ ಇಂದು ನಾಲ್ಕು ಬೇರೆ ಬೇರೆ ಯಂತ್ರಗಳು ಮಾರಾಟವಾಗುತ್ತಿವೆ. ಹ್ಯುಂಡೈ ಕ್ರೆಟಾವನ್ನೇ ತೆಗೆದುಕೊಳ್ಳಬಹುದು. 2024ರ ಮಾದರಿಯಲ್ಲಿ 1.5 ಲೀಟರಿನ ಸಾಧಾರಣ ಪೆಟ್ರೋಲ್ ಎಂಜಿನ್ನಿಗೆ ಐವಿಟಿ ಎಂದು ಕರೆಯುವ ಒಂದು ಬಗೆಯ ಸಿವಿಟಿ (ಗೇರಿನ ಮೆಟ್ಟಿಲುಗಳಿಲ್ಲದ ಪೆಟ್ಟಿಗೆ), ಟರ್ಬೊ ಪೆಟ್ರೋಲ್ ಎಂಜಿನ್ನಿಗೆ ಏಳು ಗೇರಿನ ಡಿಸಿಟಿ (ಎರಡು ಕ್ಲಚ್‌ಗಳದ್ದು), ಡೀಸೆಲ್ ಎಂಜಿನ್ನಿಗೆ ಆರು ಗೇರಿನ ಟಾರ್ಕ್ ಕನ್ವರ್ಟರ್ (ಎಣ್ಣೆಯ ಮೂಲಕ ಬಲ ಮುಟ್ಟಿಸುವಂಥದ್ದು) ಎಂದು ಒಂದೇ ಕಾರಿಗೆ ಮೂರು ಬಗೆಯ ಆಟೊಮ್ಯಾಟಿಕ್ ಇವೆ. ಮೂರರಲ್ಲೂ ಎರಡೇ ಪೆಡಲ್, ಗೇರ್ ಲಿವರಿನ ಮೇಲೆ ಹೆಚ್ಚುಕಡಿಮೆ ಅವೇ ಅಕ್ಷರಗಳು. ಆದರೆ ಒಳಗೆ ನಡೆಯುವ ಕೆಲಸ ಬೇರೆ, ಸವೆಯುವ ಭಾಗ ಬೇರೆ, ಐದಾರು ವರ್ಷಗಳ ನಂತರ ಗ್ಯಾರೇಜಿನಲ್ಲಿ ಬರುವ ಬಿಲ್ಲೂ ಬೇರೆ. ‘ಎಲ್ಲಾ ಒಂದೇ ಸರ್, ಆಟೊಮ್ಯಾಟಿಕ್’ ಎಂಬ ಮಾರಾಟಗಾರನ ಮಾತನ್ನು ಅಲ್ಲೇ ಬಿಟ್ಟು ಬರುವುದು ಒಳ್ಳೆಯದು.

ಆಯ್ಕೆಗೆ ನೆರವಾಗುವ ಪ್ರಶ್ನೆ ‘ಮ್ಯಾನ್ಯುಯಲ್ಲೋ ಆಟೊಮ್ಯಾಟಿಕ್ಕೋ’ ಎಂಬುದಲ್ಲ. ಕಾರು ನಿಂತಲ್ಲಿಂದ ಹೊರಡುವ ಆ ಒಂದೆರಡು ಸೆಕೆಂಡಿನಲ್ಲಿ ಒಳಗೆ ಜಾರುವುದು ಏನು ಎಂಬುದೇ ನನ್ನ ದೃಷ್ಟಿಯಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ. ಪೆಟ್ರೋಲ್ ಅಥವಾ ಡೀಸೆಲ್ ಎಂಜಿನ್ ನಿಮಿಷಕ್ಕೆ ಏಳೆಂಟು ನೂರು ಸುತ್ತಿಗಿಂತ ತೀರ ಕೆಳಗಿಳಿದರೆ ಆಫ್ ಆಗುತ್ತದೆ. ಆ ಸುತ್ತಿನಲ್ಲಿ, ಮೊದಲ ಗೇರಿನಲ್ಲಿ, ಸಾಮಾನ್ಯ ಕಾರಿನ ವೇಗ ಗಂಟೆಗೆ ಆರೇಳು ಕಿಲೋಮೀಟರ್ ಇರುತ್ತದೆ. ಅಂದರೆ ಸೊನ್ನೆಯಿಂದ ಆ ವೇಗದವರೆಗೆ ತಿರುಗುತ್ತಿರುವ ಎಂಜಿನ್ನಿಗೂ ನಿಂತಿರುವ ಚಕ್ರಕ್ಕೂ ನಡುವೆ ಯಾವುದೋ ಒಂದು ಭಾಗ ಜಾರಲೇಬೇಕು. ಹೆದ್ದಾರಿಯಲ್ಲಿ ಈ ಜಾರುವಿಕೆ ಲೆಕ್ಕಕ್ಕೇ ಬರುವುದಿಲ್ಲ. ಬೆಂಗಳೂರಿನ ಸಿಲ್ಕ್ ಬೋರ್ಡ್ ಕಡೆ ಸಂಜೆ ಏಳು ಗಂಟೆಗೆ ತೆವಳುವ ಕಾರಿನಲ್ಲಿ ಅದು ನಿಮಿಷಕ್ಕೆ ಹಲವು ಬಾರಿ ನಡೆಯುತ್ತದೆ. ಊರುಗಳ ಸಂಚಾರ ದಟ್ಟಣೆಯನ್ನು ಅಳೆಯುವ ಟಾಮ್‌ಟಾಮ್ ಸಂಸ್ಥೆಯ 2022ರ ಲೆಕ್ಕದ ಪ್ರಕಾರ ಬೆಂಗಳೂರಿನ ಕೇಂದ್ರ ಭಾಗದಲ್ಲಿ 10 ಕಿಲೋಮೀಟರ್ ಸಾಗಲು ಸರಾಸರಿ 29 ನಿಮಿಷ 10 ಸೆಕೆಂಡು ಬೇಕಾಗಿತ್ತು. ಅದು ಇಡೀ ದಿನದ ಸರಾಸರಿಯಾದ್ದರಿಂದ ಕಚೇರಿಯಿಂದ ಮನೆಗೆ ಮರಳುವ ಹೊತ್ತಿನ ಗತಿ ಅದಕ್ಕಿಂತ ನಿಧಾನ ಎಂದು ಬೇರೆ ಹೇಳಬೇಕಿಲ್ಲ.

ಹೀಗೆ ನೋಡಿದರೆ ಈ ಐದು ಹೆಸರುಗಳು ಎರಡು ಕುಟುಂಬಗಳಾಗಿ ಬೇರ್ಪಡುತ್ತವೆ. ಮ್ಯಾನ್ಯುಯಲ್, ಎಎಂಟಿ (ಮ್ಯಾನ್ಯುಯಲ್ ಗೇರನ್ನೇ ಕಂಪ್ಯೂಟರ್ ಬದಲಿಸುವಂಥದ್ದು) ಮತ್ತು ಡಿಸಿಟಿಗಳಲ್ಲಿ ಜಾರುವುದು ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ಉಜ್ಜಿ ಬೆಸೆಯುವ ಕ್ಲಚ್ ಪ್ಲೇಟ್. ಟಾರ್ಕ್ ಕನ್ವರ್ಟರಿನಲ್ಲಿ ಮತ್ತು ಇಂದು ನಮ್ಮಲ್ಲಿ ಸಿಗುವ ಪ್ರಮುಖ ಸಿವಿಟಿಗಳಲ್ಲಿ ಜಾರುವುದು ಎಣ್ಣೆ. ಪ್ಲೇಟ್ ಜಾರಿದಷ್ಟೂ ಸವೆಯುತ್ತದೆ. ಎಣ್ಣೆ ಜಾರಿದರೆ ಬಿಸಿಯಾಗುತ್ತದೆ, ಆ ಬಿಸಿಯನ್ನು ಕೂಲರ್ ಹೊರಗೆ ಹಾಕುತ್ತದೆ, ಸವೆಯಲು ಅಲ್ಲಿ ಪ್ಲೇಟಿಲ್ಲ. ಮುಂದಿನ ಹೋಲಿಕೆಯೆಲ್ಲ ಈ ಒಂದು ವ್ಯತ್ಯಾಸದ ಸುತ್ತ ನಿಂತಿದೆ.

ಮ್ಯಾನ್ಯುಯಲ್

ಇದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಕ್ಲಚ್ ಪೆಡಲ್ ಒತ್ತಿದಾಗ ಪ್ಲೇಟ್ ಬಿಡುತ್ತದೆ, ಬಿಟ್ಟಾಗ ಹಿಡಿಯುತ್ತದೆ, ನಡುವಿನ ಹಾಫ್ ಕ್ಲಚ್ ಸ್ಥಿತಿಯಲ್ಲಿ ಉಜ್ಜುತ್ತದೆ. ಎಷ್ಟು ಉಜ್ಜಬೇಕು ಎಂಬುದು ಚಾಲಕನ ಕಾಲಿನಲ್ಲಿರುವುದರಿಂದ ಒಂದೇ ಮಾದರಿಯ ಕಾರಿನ ಪ್ಲೇಟ್ ಒಬ್ಬರ ಬಳಿ ಲಕ್ಷ ಕಿಲೋಮೀಟರ್ ಬಾಳಿ, ಇನ್ನೊಬ್ಬರ ಬಳಿ ಅದರ ಅರ್ಧಕ್ಕೇ ಹೋಗುವುದು ಎಲ್ಲ ಮೆಕ್ಯಾನಿಕ್‌ಗಳಿಗೂ ಗೊತ್ತಿರುವ ವಿಷಯ. ಬೆಲೆ ಕಡಿಮೆ, ದುರಸ್ತಿ ಸುಲಭ, ತಾಲ್ಲೂಕು ಕೇಂದ್ರದ ಯಾವುದೇ ಗ್ಯಾರೇಜಿನಲ್ಲಿ ಪ್ಲೇಟ್ ಬದಲಿಸಿಕೊಡುತ್ತಾರೆ, ಬ್ಯಾಟರಿ ಇಳಿದರೆ ತಳ್ಳಿ ಸ್ಟಾರ್ಟ್ ಮಾಡಬಹುದು. ಕಾಫಿ ತೋಟದ ಮಣ್ಣು ರಸ್ತೆಯಲ್ಲಿ ಓಡಾಡುವವರಿಗೆ, ವರ್ಷಕ್ಕೆ ನಾಲ್ಕೈದು ಸಾವಿರ ಕಿಲೋಮೀಟರ್ ಮಾತ್ರ ಓಡಿಸುವವರಿಗೆ, ದೊಡ್ಡ ಊರಿನ ದಟ್ಟಣೆಯ ಗೊಡವೆಯೇ ಇಲ್ಲದವರಿಗೆ ಇದಕ್ಕಿಂತ ಹೆಚ್ಚಿನದು ಬೇಕೆಂದು ನನಗೆ ಅನಿಸುವುದಿಲ್ಲ. ಟೊಯೊಟಾ ಇನ್ನೋವಾ ಕ್ರಿಸ್ಟಾ 2023ರಲ್ಲಿ ಡೀಸೆಲ್ ಎಂಜಿನ್ನಿನೊಂದಿಗೆ ಮರಳಿ ಬಂದಾಗ ಮ್ಯಾನ್ಯುಯಲ್ ಗೇರಿನಲ್ಲಿ ಮಾತ್ರ ಬಂದಿತು. ಟ್ಯಾಕ್ಸಿ ಓಡಿಸುವವರು ಅದರಿಂದ ಬೇಸರಪಟ್ಟುಕೊಂಡಂತೆ ಕಾಣಲಿಲ್ಲ.

ಕಿಯಾ ಮತ್ತು ಹ್ಯುಂಡೈ 2020ರಲ್ಲಿ ತಂದ ಐಎಂಟಿ ಎಂಬುದರಲ್ಲಿ ಕ್ಲಚ್ ಪೆಡಲ್ ಇಲ್ಲ, ಗೇರನ್ನು ಮಾತ್ರ ಕೈಯಲ್ಲೇ ಹಾಕಬೇಕು. ಎಡಗಾಲಿಗೆ ಬಿಡುವು ಸಿಗುತ್ತದೆ, ಎಡಗೈಗೆ ಸಿಗುವುದಿಲ್ಲ. ಮಂಡಿ ನೋವಿರುವವರು ಬಿಟ್ಟರೆ ಬೇರೆಯವರಿಗೆ ಇದನ್ನು ಸೂಚಿಸಲು ನನಗೆ ಕಾರಣ ಕಾಣುವುದಿಲ್ಲ.

ಎಎಂಟಿ

ಭಾರತದಲ್ಲಿ ಕಡಿಮೆ ಬೆಲೆಯ ಕಾರುಗಳಿಗೆ ಆಟೊಮ್ಯಾಟಿಕ್ ಬಂದದ್ದು ಎಎಂಟಿಯ ಮೂಲಕವೇ. 2014ರ ಫೆಬ್ರುವರಿಯಲ್ಲಿ ಮಾರುತಿ ಸೆಲೆರಿಯೊ ‘ಆಟೊ ಗೇರ್ ಶಿಫ್ಟ್’ ಹೆಸರಿನಲ್ಲಿ ಅದನ್ನು ತಂದಿತು. ಮರುವರ್ಷ ಟಾಟಾ ನ್ಯಾನೊಗೂ ಎಎಂಟಿ ಬಂದಿತು. ಇಂದು ಸ್ವಿಫ್ಟ್, ಡಿಜೈರ್, ಟಾಟಾ ಪಂಚ್, ಹ್ಯುಂಡೈ ಎಕ್ಸ್‌ಟರ್ ಮುಂತಾದ ಸಣ್ಣ ಕಾರುಗಳ ಆಟೊಮ್ಯಾಟಿಕ್ ಎಂದರೆ ಇದೇ.

ಇದರ ಗುಟ್ಟು ಸರಳವಾಗಿದೆ. ಗೇರ್‌ಬಾಕ್ಸ್ ಮ್ಯಾನ್ಯುಯಲ್ ಕಾರಿನದ್ದೇ, ಕ್ಲಚ್ ಪ್ಲೇಟೂ ಅದೇ. ಅದರ ಮೇಲೆ ಕ್ಲಚ್ ಒತ್ತಲು ಮತ್ತು ಗೇರ್ ಬದಲಿಸಲು ಒಂದು ಆಕ್ಚುಯೇಟರ್ ಕೂರಿಸಿ, ಯಾವಾಗ ಏನು ಮಾಡಬೇಕೆಂದು ಹೇಳಲು ಒಂದು ಕಂಪ್ಯೂಟರ್ ಇಟ್ಟಿರುತ್ತಾರೆ. ಅದಕ್ಕಾಗಿಯೇ ಮ್ಯಾನ್ಯುಯಲ್‌ಗಿಂತ ಸುಮಾರು 50 ಸಾವಿರ ರೂಪಾಯಿಯ ಆಸುಪಾಸಿನಲ್ಲಷ್ಟೇ ಹೆಚ್ಚು ಬೆಲೆಗೆ ಅದನ್ನು ಕೊಡಲು ಸಾಧ್ಯವಾಗುತ್ತದೆ. ಮೈಲೇಜಿಗೂ ಹೊಡೆತವಿಲ್ಲ: 2024ರ ಸ್ವಿಫ್ಟ್‌ನ ಪ್ರಮಾಣಿತ ಅಂಕಿ ಮ್ಯಾನ್ಯುಯಲ್‌ಗೆ ಲೀಟರಿಗೆ 24.80 ಕಿಲೋಮೀಟರ್, ಎಎಂಟಿಗೆ 25.75. ಕಂಪ್ಯೂಟರ್ ಹೆಚ್ಚು ಎಳೆಯದೆ ಬೇಗ ಮೇಲಿನ ಗೇರಿಗೆ ಹೋಗುತ್ತದೆ, ನಾವು ಹೋಗುವುದಿಲ್ಲ ಎಂಬುದೇ ಈ ವ್ಯತ್ಯಾಸಕ್ಕೆ ಮುಖ್ಯ ಕಾರಣ.

ಗೇರ್ ಬದಲಾಗುವಾಗ ಕ್ಲಚ್ ಬಿಡಲೇಬೇಕಾದ್ದರಿಂದ ಆ ಕ್ಷಣ ಚಕ್ರಕ್ಕೆ ಎಂಜಿನ್ನಿನ ಬಲ ತಲುಪುವುದಿಲ್ಲ. ಮ್ಯಾನ್ಯುಯಲ್‌ನಲ್ಲೂ ಹೀಗೇ ಆಗುತ್ತದೆ, ಆದರೆ ಅಲ್ಲಿ ಗೇರ್ ಹಾಕುವವರು ನಾವೇ ಆದ್ದರಿಂದ ದೇಹ ಅದಕ್ಕೆ ಸಿದ್ಧವಾಗಿರುತ್ತದೆ. ಎಎಂಟಿಯಲ್ಲಿ ಅದು ನಮಗೆ ಹೇಳದೆ ಬರುವುದರಿಂದ ತಲೆ ಮುಂದಕ್ಕೆ ತೂಗಿದಂತಾಗುತ್ತದೆ. ಒಂದನೆಯ ಗೇರಿನಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ಹೋಗುವಾಗ ಎಕ್ಸ್‌ಲರೇಟರನ್ನು ಅರೆಕ್ಷಣ ಸಡಿಲಿಸಿದರೆ ಈ ತೂಗಾಟ ಬಹುಪಾಲು ಹೋಗುತ್ತದೆ. ಓವರ್‌ಟೇಕ್ ಮಾಡುವಾಗ ಮಾತ್ರ ಈ ಉಪಾಯ ನಡೆಯುವುದಿಲ್ಲ. ಎದುರಿನಿಂದ ಲಾರಿ ಬರುತ್ತಿರುವಾಗ ಎಕ್ಸ್‌ಲರೇಟರ್ ಪೂರ್ತಿ ಒತ್ತಿದರೆ ಅದು ಮೊದಲು ಗೇರ್ ಇಳಿಸುತ್ತದೆ, ಆ ಹೊತ್ತು ಕಾರು ಮುನ್ನುಗ್ಗುವುದಿಲ್ಲ. ದ್ವಿಪಥ ರಸ್ತೆಯಲ್ಲಿ ಎಎಂಟಿ ಓಡಿಸುವವರು ಓವರ್‌ಟೇಕ್‌ಗೆ ಮುಂಚೆಯೇ ಲಿವರನ್ನು ‘ಎಂ’ (ಮ್ಯಾನ್ಯುಯಲ್) ಕಡೆಗೆ ತಳ್ಳಿ ಒಂದು ಗೇರ್ ತಾವೇ ಇಳಿಸಿಕೊಳ್ಳುವುದನ್ನು ಅಭ್ಯಾಸ ಮಾಡಿಕೊಳ್ಳಬೇಕು.

ಏರಿನಲ್ಲಿ ನಿಂತಾಗ ಇನ್ನೊಂದು ಎಚ್ಚರ ಬೇಕು. ಬ್ರೇಕ್ ಬಿಟ್ಟು ಎಕ್ಸ್‌ಲರೇಟರಿನಿಂದಲೇ ಕಾರನ್ನು ಹಿಡಿದು ನಿಲ್ಲಿಸುವ ಅಭ್ಯಾಸ ಟಾರ್ಕ್ ಕನ್ವರ್ಟರಿನಲ್ಲಿ ಸ್ವಲ್ಪ ಹೊತ್ತು ನಡೆದೀತು. ಎಎಂಟಿಯಲ್ಲಿ ಅದು ಹಾಫ್ ಕ್ಲಚ್‌ನಲ್ಲಿ ನಿಲ್ಲಿಸಿದಂತೆಯೇ, ಪ್ಲೇಟ್ ಸುಟ್ಟ ವಾಸನೆ ಬರಲು ತಡವಾಗುವುದಿಲ್ಲ. ನಿಲ್ಲುವುದು ಬ್ರೇಕಿನಿಂದ, ಹೊರಡುವುದು ಹ್ಯಾಂಡ್‌ಬ್ರೇಕ್ ಅಥವಾ ಬ್ರೇಕ್ ಬಿಟ್ಟ ಮೇಲೂ ಏರಿನಲ್ಲಿ ಕಾರನ್ನು ಕ್ಷಣಕಾಲ ಹಿಡಿದಿಡುವ ಹಿಲ್ ಹೋಲ್ಡ್ ನೆರವಿನಿಂದ ಆಗಬೇಕು. ಹಿಲ್ ಹೋಲ್ಡ್ ಇಲ್ಲದ ಎಎಂಟಿಯನ್ನು ಕೊಳ್ಳದಿರುವುದೇ ಲೇಸು.

ಬಹುತೇಕ ಎಎಂಟಿಗಳಲ್ಲಿ ‘ಪಿ’ (ಪಾರ್ಕಿಂಗ್) ಎಂಬ ಸ್ಥಾನವೇ ಇರುವುದಿಲ್ಲ. ಆರ್ (ರಿವರ್ಸ್), ಎನ್ (ನ್ಯೂಟ್ರಲ್), ಡಿ (ಡ್ರೈವ್), ಪಕ್ಕದಲ್ಲಿ ಎಂ, ಅಷ್ಟೇ. ಇಳಿಜಾರಿನಲ್ಲಿ ನಿಲ್ಲಿಸಿ ಹೋಗುವಾಗ ಮ್ಯಾನ್ಯುಯಲ್ ಕಾರಿನಂತೆಯೇ ಗೇರಿನಲ್ಲಿ ಬಿಟ್ಟು ಹ್ಯಾಂಡ್‌ಬ್ರೇಕ್ ಎಳೆಯಬೇಕು. ಪ್ಲೇಟ್ ಬದಲಿಸಿದ ಮೇಲೆ ಅದು ಎಲ್ಲಿ ಹಿಡಿಯುತ್ತದೆ ಎಂಬುದನ್ನು ಕಂಪ್ಯೂಟರಿಗೆ ಸ್ಕ್ಯಾನರ್ ಮೂಲಕ ಮತ್ತೆ ಕಲಿಸಬೇಕಾಗುವುದರಿಂದ, ‘ಗೇರ್‌ಬಾಕ್ಸ್ ಮಾಮೂಲಿಯೇ ತಾನೇ’ ಎಂದು ಸ್ಕ್ಯಾನರ್ ಇಲ್ಲದ ಗ್ಯಾರೇಜಿಗೆ ಒಯ್ಯುವಂತಿಲ್ಲ.

ಟಾರ್ಕ್ ಕನ್ವರ್ಟರ್

ಇದು ಹಳೆಯ ಯಂತ್ರ, ನನಗೆ ಅಚ್ಚುಮೆಚ್ಚಿನದು ಕೂಡ. ಇದರ ಮೂಲ ಕಾರಿನಲ್ಲಿಲ್ಲ, ಹಡಗಿನಲ್ಲಿದೆ. ಜರ್ಮನಿಯ ಎಂಜಿನಿಯರ್ ಹರ್ಮನ್ ಫಾಟಿಂಗರ್, ವೇಗವಾಗಿ ತಿರುಗುವ ಉಗಿ ಟರ್ಬೈನಿನ ಬಲವನ್ನು ನಿಧಾನವಾಗಿ ತಿರುಗಬೇಕಾದ ಹಡಗಿನ ಪ್ರೊಪೆಲ್ಲರಿಗೆ ದ್ರವದ ಮೂಲಕ ಮುಟ್ಟಿಸುವ ವ್ಯವಸ್ಥೆಗೆ 1905ರಲ್ಲಿ ಪೇಟೆಂಟ್ ಪಡೆದರು. ಅಮೆರಿಕದ ಬ್ಯೂಕ್ ಕಾರಿನ ಡೈನಾಫ್ಲೋ ಗೇರ್‌ಬಾಕ್ಸಿನಲ್ಲಿ ಅದು 1948ರ ಹೊತ್ತಿಗೆ ಜನಸಾಮಾನ್ಯರ ರಸ್ತೆಗೆ ಬಂದಿತು.

ಎಂಜಿನ್ನಿಗೆ ಅಂಟಿಕೊಂಡ ಇಂಪೆಲ್ಲರ್ ಎಂಬ ರೆಕ್ಕೆಗಳ ಚಕ್ರ ಎಣ್ಣೆಯನ್ನು ರಭಸವಾಗಿ ಎಸೆಯುತ್ತದೆ. ಗೇರ್‌ಬಾಕ್ಸಿಗೆ ಅಂಟಿಕೊಂಡ ಟರ್ಬೈನ್ ಆ ರಭಸಕ್ಕೆ ತಿರುಗುತ್ತದೆ. ಇವೆರಡರ ನಡುವೆ ಇರುವ ಸ್ಟೇಟರ್, ಟರ್ಬೈನಿನಿಂದ ಮರಳುವ ಎಣ್ಣೆಯ ದಿಕ್ಕನ್ನು ತಿರುಗಿಸಿ ಅದು ಇಂಪೆಲ್ಲರಿಗೆ ಅಡ್ಡಿಯಾಗದೆ ನೆರವಾಗುವಂತೆ ಮಾಡುತ್ತದೆ. ಈ ಸ್ಟೇಟರಿನಿಂದಾಗಿಯೇ ಹೊರಡುವ ಕ್ಷಣದಲ್ಲಿ ಎಂಜಿನ್ ಕೊಟ್ಟ ತಿರುಚು ಬಲ ಸುಮಾರು ಎರಡು ಪಟ್ಟಾಗಿ ಗೇರಿಗೆ ತಲುಪುತ್ತದೆ. ತುಂಬಿದ ಕಾರನ್ನು ಬಹುಮಹಡಿ ಕಟ್ಟಡದ ನೆಲಮಾಳಿಗೆಯ ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡಿಸಿ ನೋಡಿದವರಿಗೆ ಇದರ ಬೆಲೆ ಗೊತ್ತಾಗುತ್ತದೆ: ಕಾರು ನಡುಗುವುದಿಲ್ಲ, ಹಿಂದಕ್ಕೆ ಜಾರುವ ಭಯವೂ ಹೆಚ್ಚಿಲ್ಲ. ದಟ್ಟಣೆಯಲ್ಲಿ ಬ್ರೇಕ್ ಸಡಿಲಿಸಿದರೆ ತಾನಾಗಿ ನಯವಾಗಿ ಮುಂದೆ ಸರಿಯುತ್ತದೆ.

ಹಿಂದೆ ಇದಕ್ಕಿದ್ದ ಅಪವಾದ ಪೆಟ್ರೋಲ್ ಕುಡಿಯುತ್ತದೆ ಎಂಬುದು. ವೇಗ ಹಿಡಿದ ಮೇಲೆ ಇಂಪೆಲ್ಲರ್ ಮತ್ತು ಟರ್ಬೈನನ್ನು ನೇರವಾಗಿ ಬೆಸೆಯುವ ಲಾಕ್-ಅಪ್ ಕ್ಲಚ್, ಜೊತೆಗೆ ಹೆಚ್ಚು ಗೇರುಗಳು ಬಂದ ಮೇಲೆ ಆ ದೂರು ತಗ್ಗಿದೆ. ಮಾರುತಿ ಬ್ರೆಝಾದಲ್ಲಿ 2022ರಲ್ಲಿ ಹಳೆಯ ನಾಲ್ಕು ಗೇರಿನ ಪೆಟ್ಟಿಗೆ ಹೋಗಿ ಆರು ಗೇರಿನದು ಬಂದದ್ದೇ ದೊಡ್ಡ ಸುಧಾರಣೆ. ಆದರೂ ನಷ್ಟ ಪೂರ್ತಿ ಹೋಗಿಲ್ಲ. ಕ್ರೆಟಾ ಡೀಸೆಲ್‌ನಲ್ಲಿ ಮ್ಯಾನ್ಯುಯಲ್‌ಗೆ ಪ್ರಮಾಣಿತ ಮೈಲೇಜ್ 21.8 ಇದ್ದರೆ ಟಾರ್ಕ್ ಕನ್ವರ್ಟರಿಗೆ 19.1, ಅದೇ ಕಾರಿನ ಪೆಟ್ರೋಲ್ ಸಿವಿಟಿಯ ಅಂಕಿ ಮಾತ್ರ ಮ್ಯಾನ್ಯುಯಲ್‌ಗಿಂತ ಕೊಂಚ ಹೆಚ್ಚೇ ಇದೆ, 17.4ಕ್ಕೆ ಎದುರಾಗಿ 17.7. ಮಹೀಂದ್ರಾ ಎಕ್ಸ್‌ಯುವಿ 3ಎಕ್ಸ್‌ಒ ಪೆಟ್ರೋಲ್, ಮಾರುತಿ ಫ್ರಾಂಕ್ಸ್ ಟರ್ಬೊ, ಫೋಕ್ಸ್‌ವ್ಯಾಗನ್ ವರ್ಟಸ್ ಮತ್ತು ಸ್ಕೋಡಾ ಸ್ಲಾವಿಯಾಗಳ 1 ಲೀಟರ್ ಎಂಜಿನ್ನುಗಳು ಈ ಬಗೆಯ ಗೇರ್‌ಬಾಕ್ಸಿನೊಂದಿಗೆ ಬಂದಿವೆ. ಇಲ್ಲಿ ಹೆಸರಿಗಿಂತ ಎಂಜಿನ್ ನೋಡಿ ಆರಿಸುವುದು ಮುಖ್ಯ: ಅದೇ 3ಎಕ್ಸ್‌ಒ ಡೀಸೆಲ್ಲಿಗೆ ಹೋದರೆ ಸಿಗುವುದು ಎಎಂಟಿ, ಅದೇ ಫ್ರಾಂಕ್ಸ್ 1.2 ಲೀಟರಿಗೆ ಹೋದರೂ ಎಎಂಟಿ.

ಸಿವಿಟಿ

ಸಿವಿಟಿಯಲ್ಲಿ ಹಲ್ಲುಚಕ್ರಗಳ ಮೆಟ್ಟಿಲುಗಳಿಲ್ಲ. ಅಗಲ ಬದಲಾಗುವ ಎರಡು ಪುಲ್ಲಿಗಳು, ನಡುವೆ ಒಂದು ಉಕ್ಕಿನ ಬೆಲ್ಟ್ ಅಥವಾ ಚೈನ್. ಹಿಟ್ಟಿನ ಗಿರಣಿಯ ಬೆಲ್ಟ್ ಎಳೆದು ತಿರುಗಿಸಿದರೆ ಈ ಉಕ್ಕಿನ ಬೆಲ್ಟಿನಲ್ಲಿ ಪೋಣಿಸಿದ ನೂರಾರು ತಗಡುಗಳು ಒಂದನ್ನೊಂದು ತಳ್ಳಿ ತಿರುಗಿಸುತ್ತವೆ. ನೆದರ್‌ಲೆಂಡ್ಸ್‌ನ ಡಾಫ್ ಕಂಪನಿ 1958ರಲ್ಲಿ ರಬ್ಬರ್ ಬೆಲ್ಟಿನ ಸಿವಿಟಿ ಇರುವ ಸಣ್ಣ ಕಾರು ತಂದಿತ್ತು. ಉಕ್ಕಿನ ಬೆಲ್ಟ್ 1987ರ ಸುಬಾರು ಜಸ್ಟಿಯಲ್ಲಿ ಮಾರುಕಟ್ಟೆಗೆ ಬಂದಿತು. ನಮ್ಮಲ್ಲಿ ಹೋಂಡಾ ಸಿಟಿ, ಅಮೇಝ್, ಎಲಿವೇಟ್, ನಿಸ್ಸಾನ್ ಮ್ಯಾಗ್ನೈಟ್ ಟರ್ಬೊ, ಹ್ಯುಂಡೈ ಐ20 ಇವುಗಳಲ್ಲಿ ಇದು ಸಿಗುತ್ತದೆ.

ಗೇರ್ ಬದಲಾಗುವುದೇ ಇಲ್ಲವಾದ್ದರಿಂದ ಜರ್ಕ್ ಎಂಬುದಿಲ್ಲ. ನಗರದೊಳಗೆ, ಹಿಂದಿನ ಸೀಟಿನಲ್ಲಿ ವಯಸ್ಸಾದವರನ್ನು ಕೂರಿಸಿಕೊಂಡು ಓಡಿಸಲು ಇದಕ್ಕಿಂತ ಹಿತವಾದದ್ದು ಸಿಗುವುದು ಕಷ್ಟ. ಆದರೆ ಜೋರಾಗಿ ಒತ್ತಿದಾಗ ಎಂಜಿನ್ನಿನ ಸದ್ದು ಮೊದಲು ಏರಿ ನಿಲ್ಲುತ್ತದೆ, ವೇಗ ಆಮೇಲೆ ಬರುತ್ತದೆ. ಓಡಿಸುವುದರಲ್ಲಿ ಖುಷಿ ಕಾಣುವವರಿಗೆ ಇದು ಸಪ್ಪೆ ಎನಿಸುವುದು ಸಹಜ. ಬೆಲ್ಟ್ ಮತ್ತು ಪುಲ್ಲಿಯ ಹಿಡಿತವೆಲ್ಲ ಅದರ ಎಣ್ಣೆಯ ಗುಣವನ್ನು ಅವಲಂಬಿಸಿರುವುದರಿಂದ ಕಾರಿನೊಂದಿಗೆ ಬರುವ ಪುಸ್ತಕದಲ್ಲಿ ಹೇಳಿದ ಸಮಯಕ್ಕೆ ಸಿವಿಟಿಗೆಂದೇ ತಯಾರಾದ ಎಣ್ಣೆಯನ್ನು ಬದಲಿಸಬೇಕು. ಸಾಮಾನ್ಯ ಆಟೊಮ್ಯಾಟಿಕ್ ಎಣ್ಣೆ ಹಾಕಿಸಿದರೆ ಉಳಿಸಿದ ಹಣದ ಹತ್ತಾರು ಪಟ್ಟು ಕಳೆದುಕೊಳ್ಳುವ ಸಾಧ್ಯತೆ ಇದೆ. ಕೆಟ್ಟು ನಿಂತಾಗ ಮುಂದಿನ ಚಕ್ರ ನೆಲಕ್ಕೆ ತಾಗಿಸಿ ಹಗ್ಗ ಕಟ್ಟಿ ಎಳೆಸುವುದೂ ಬೇಡ, ಇಡೀ ಕಾರನ್ನು ಹೊತ್ತೊಯ್ಯುವ ಫ್ಲ್ಯಾಟ್‌ಬೆಡ್ ಲಾರಿ ಕರೆಸಬೇಕು.

ಟೊಯೊಟಾ ಹೈಕ್ರಾಸ್ ಹೈಬ್ರಿಡ್ ಮತ್ತು ಹೋಂಡಾ ಸಿಟಿ ಹೈಬ್ರಿಡ್‌ಗಳಲ್ಲಿ ಹೇಳುವ ‘ಇ-ಸಿವಿಟಿ’ಯಲ್ಲಿ ಈ ಬೆಲ್ಟೇ ಇಲ್ಲ, ಅಲ್ಲಿ ಕಾರನ್ನು ಹೊರಡಿಸುವ ಹೊಣೆ ವಿದ್ಯುತ್ ಮೋಟಾರಿನದು. ಮೋಟಾರ್ ಸೊನ್ನೆ ಸುತ್ತಿನಿಂದಲೇ ಪೂರ್ಣ ಬಲ ಕೊಡುವುದರಿಂದ ಜಾರಬೇಕಾದ ಭಾಗವೇ ಬೇಕಾಗುವುದಿಲ್ಲ. ಪೂರ್ಣ ವಿದ್ಯುತ್ ಕಾರುಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ಡಿಸಿಟಿ

ಎರಡು ಕ್ಲಚ್, ಒಂದಕ್ಕೆ 1, 3, 5, 7ನೆಯ ಗೇರುಗಳು, ಇನ್ನೊಂದಕ್ಕೆ 2, 4, 6. ಒಂದು ಕ್ಲಚ್ ಕೆಲಸ ಮಾಡುತ್ತಿರುವಾಗಲೇ ಮುಂದಿನ ಗೇರ್ ಇನ್ನೊಂದರಲ್ಲಿ ಸಿದ್ಧವಾಗಿರುತ್ತದೆ, ಬದಲಾವಣೆ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ, ಬಲ ಕಡಿಯುವುದಿಲ್ಲ. ಫೋಕ್ಸ್‌ವ್ಯಾಗನ್ 2003ರಲ್ಲಿ ಗಾಲ್ಫ್ ಆರ್32 ಕಾರಿನಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ಹುಬ್ಬಳ್ಳಿ ಕಡೆಯ ತೆರೆದ ಹೆದ್ದಾರಿಯಲ್ಲಿ ಓವರ್‌ಟೇಕ್ ಮಾಡುವಾಗ ಈ ಐದರಲ್ಲಿ ಅತ್ಯಂತ ತೃಪ್ತಿ ಕೊಡುವುದು ಇದೇ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಆದರೆ ಹೊರಡುವಾಗ ಜಾರುವುದು ಇಲ್ಲಿಯೂ ಪ್ಲೇಟೇ. ಒಣ ಕ್ಲಚ್ ಇರುವ ಡಿಸಿಟಿಯನ್ನು ದಟ್ಟಣೆಯಲ್ಲಿ ಅಂಗುಲ ಅಂಗುಲವಾಗಿ ಸರಿಸುತ್ತಿದ್ದರೆ ಆ ಪ್ಲೇಟುಗಳು ಬಿಸಿಯಾಗುತ್ತವೆ, ತಣಿಸಲು ಸುತ್ತಲಿನ ಗಾಳಿ ಬಿಟ್ಟರೆ ಬೇರೇನೂ ಇಲ್ಲ. ಎಣ್ಣೆಯಲ್ಲಿ ಮುಳುಗಿರುವ ಒದ್ದೆ ಕ್ಲಚ್ ಇದಕ್ಕಿಂತ ಹೆಚ್ಚು ತಾಳುತ್ತದೆ. ಟಾಟಾ 2022ರಲ್ಲಿ ಆಲ್ಟ್ರೋಝ್‌ಗೆ ಡಿಸಿಎ ಹೆಸರಿನಲ್ಲಿ ತಂದದ್ದು ಆ ಬಗೆಯದು. ಡಿಸಿಟಿ ನೋಡುವವರು ಶೋರೂಮಿನಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಒಣ ಕ್ಲಚ್ಚೋ ಒದ್ದೆ ಕ್ಲಚ್ಚೋ ಎಂಬುದು, ಎರಡನೆಯದು ವಾರಂಟಿಯನ್ನು ಎಷ್ಟು ವರ್ಷಕ್ಕೆ ವಿಸ್ತರಿಸಬಹುದು ಎಂಬುದು. ಒಣ ಕ್ಲಚ್ ಇದ್ದರೆ ಮುಂದಿನ ಕಾರಿನೊಂದಿಗೆ ಒಂದು ಕಾರಿನಷ್ಟು ಅಂತರ ಬಿಟ್ಟು, ಸಾಕಷ್ಟು ಜಾಗ ಸಿಕ್ಕ ಮೇಲೆ ಒಮ್ಮೆಗೇ ಹೊರಟು ನಿಲ್ಲಬೇಕು. ಬೆಂಗಳೂರಿನಲ್ಲಿ ಆ ಅಂತರದೊಳಗೆ ಎರಡು ಬೈಕು, ಒಂದು ಆಟೊ ತೂರಿಕೊಳ್ಳುತ್ತವೆ ಎಂಬ ಆಕ್ಷೇಪಕ್ಕೆ ನನ್ನ ಬಳಿ ಉತ್ತರವಿಲ್ಲ. ಆದ್ದರಿಂದಲೇ ದಿನವೂ ಹೊರವರ್ತುಲ ರಸ್ತೆಯಲ್ಲಿ ಓಡಾಡುವವರಿಗೆ ಒಣ ಕ್ಲಚ್ ಡಿಸಿಟಿಯನ್ನು ನಾನು ಸೂಚಿಸುವುದಿಲ್ಲ.

ಘಾಟಿ ಇಳಿಯುವಾಗ

ಏರುವುದಕ್ಕಿಂತ ಇಳಿಯುವುದರಲ್ಲೇ ಗೇರ್‌ಬಾಕ್ಸಿನ ಪರೀಕ್ಷೆ ಹೆಚ್ಚು. ಶಿರಾಡಿ, ಚಾರ್ಮಾಡಿ, ಆಗುಂಬೆಯಂಥ ಘಾಟಿಗಳಲ್ಲಿ ಏರಲು ಬೇಕಾದ ಗೇರಿನಲ್ಲೇ ಇಳಿಯಬೇಕೆಂಬ ಹಳೆಯ ಚಾಲಕರ ನಿಯಮ ಈ ಐದಕ್ಕೂ ಅನ್ವಯಿಸುತ್ತದೆ. ‘ಡಿ’ಯಲ್ಲೇ ಬಿಟ್ಟು ಬ್ರೇಕ್ ಮೇಲೆ ಕಾಲಿಟ್ಟು ಇಳಿದರೆ ಗೇರ್‌ಬಾಕ್ಸ್ ಮೇಲಿನ ಗೇರಿಗೆ ಹೋಗುತ್ತದೆ, ಎಂಜಿನ್ನಿನ ತಡೆ ಸಿಗುವುದಿಲ್ಲ, ಬ್ರೇಕ್ ಆಯಿಲ್ ಕಾದು ಪೆಡಲ್ ಮೆತ್ತಗಾಗುತ್ತದೆ. ಎಎಂಟಿ, ಟಾರ್ಕ್ ಕನ್ವರ್ಟರ್, ಡಿಸಿಟಿಗಳಲ್ಲಿ ಮ್ಯಾನ್ಯುಯಲ್ ಮೋಡಿಗೆ ಹಾಕಿ ಎರಡನೆಯ ಗೇರಿನಲ್ಲಿ ಇಳಿಯಬಹುದು. ಸಿವಿಟಿಯಲ್ಲಿ ‘ಎಲ್’ ಅಥವಾ ‘ಎಸ್’ ಸ್ಥಾನವಿದ್ದರೆ ಅದು, ಇಲ್ಲವಾದರೆ ಸ್ಟೀರಿಂಗ್ ಹಿಂದಿನ ಪ್ಯಾಡಲ್. ಇವೆರಡೂ ಇಲ್ಲದ ಸಿವಿಟಿಯನ್ನು ಕರಾವಳಿ ಮತ್ತು ಮಲೆನಾಡಿನ ನಡುವೆ ಓಡಾಡುವವರು ಕೊಳ್ಳಬಾರದು.

ಹಣದ ಲೆಕ್ಕ

ಎಎಂಟಿ ಬಿಟ್ಟು ಉಳಿದ ಆಟೊಮ್ಯಾಟಿಕ್‌ಗಳಿಗೆ ಮ್ಯಾನ್ಯುಯಲ್‌ಗಿಂತ ಸುಮಾರು ಒಂದರಿಂದ ಒಂದೂವರೆ ಲಕ್ಷ ರೂಪಾಯಿ ಹೆಚ್ಚು ಬೇಕು. ಕರ್ನಾಟಕದಲ್ಲಿ ಇದರ ಮೇಲೆ ಇನ್ನೊಂದು ಲೆಕ್ಕವಿದೆ, ಅದನ್ನು ಯಾರೂ ಮೊದಲೇ ಹೇಳುವುದಿಲ್ಲ. ಇಲ್ಲಿನ ಜೀವಾವಧಿ ರಸ್ತೆ ತೆರಿಗೆ 5ರಿಂದ 10 ಲಕ್ಷದ ಕಾರಿಗೆ ಶೇ 14, 10 ಲಕ್ಷ ದಾಟಿದರೆ, 20 ಲಕ್ಷದವರೆಗೆ, ಇಡೀ ಬೆಲೆಯ ಮೇಲೆ ಶೇ 17. ಮ್ಯಾನ್ಯುಯಲ್ 9.6 ಲಕ್ಷವಿದ್ದು ಆಟೊಮ್ಯಾಟಿಕ್ 10.8 ಲಕ್ಷವಾದರೆ ತೆರಿಗೆ 1.34 ಲಕ್ಷದಿಂದ ಸುಮಾರು 1.84 ಲಕ್ಷಕ್ಕೆ ಏರುತ್ತದೆ, ಅದರ ಮೇಲಿನ ಸೆಸ್ ಬೇರೆ. ಕಾರಿನಲ್ಲಿ 1.2 ಲಕ್ಷದ ವ್ಯತ್ಯಾಸ ಎಂದುಕೊಂಡದ್ದು ಕೈಗೆ ಬರುವಾಗ 1.7 ಲಕ್ಷವಾಗಿರುತ್ತದೆ. 10 ಲಕ್ಷದ ಅಂಚಿನಲ್ಲಿರುವವರು ಒಂದು ಮೆಟ್ಟಿಲು ಕೆಳಗಿನ ಟ್ರಿಮ್‌ನಲ್ಲಿ ಆಟೊಮ್ಯಾಟಿಕ್ ಸಿಗುತ್ತದೆಯೇ ಎಂದು ನೋಡುವುದು ಜಾಣತನ. ಸನ್‌ರೂಫ್ ಬಿಟ್ಟರೂ ನಡೆಯುತ್ತದೆ.

ಈ ಎಲ್ಲವನ್ನೂ ಮುಂದಿಟ್ಟುಕೊಂಡು ನೋಡಿದರೆ, ವಾರವೆಲ್ಲ ಬೆಂಗಳೂರಿನ ದಟ್ಟಣೆ, ರಜೆಗೆ ಊರಿನ ಘಾಟಿ ಎಂಬಂತೆ ಬದುಕುವವರಿಗೆ ನನ್ನ ಮೊದಲ ಆಯ್ಕೆ ಟಾರ್ಕ್ ಕನ್ವರ್ಟರ್. ಮೈಲೇಜ್ ಸ್ವಲ್ಪ ಹೋಗಲಿ ಎನ್ನುವ ಮನಸ್ಸಿರಬೇಕು, ಅಷ್ಟೇ. ಊರು ಬಿಟ್ಟು ಹೊರಗೆ ಹೋಗುವುದೇ ಅಪರೂಪ ಎಂಬವರಿಗೆ ಸಿವಿಟಿ. ಮೈಸೂರು, ದಾವಣಗೆರೆ, ಶಿವಮೊಗ್ಗದಂಥ ಊರುಗಳಲ್ಲಿ ದಿನಕ್ಕೆ ಹತ್ತು ಹದಿನೈದು ಕಿಲೋಮೀಟರ್ ಓಡಿಸುವ, ಬಜೆಟ್ ಬಿಗಿಯಾಗಿರುವ, ಹೊಸದಾಗಿ ಚಾಲನೆ ಕಲಿತವರಿಗೆ ಎಎಂಟಿ ಸಾಕು. ಅದನ್ನು ಕೀಳಾಗಿ ಕಾಣುವವರ ಮಾತಿಗೆ ಕಿವಿಗೊಡಬೇಕಿಲ್ಲ. ತಿಂಗಳಿಗೆ ಹಲವು ಬಾರಿ ಹೆದ್ದಾರಿಯಲ್ಲಿ ದೂರ ಹೋಗುವ, ವಾರಂಟಿ ಮುಗಿಯುವ ಮೊದಲೇ ಕಾರು ಬದಲಿಸುವ ಅಭ್ಯಾಸವಿರುವವರಿಗೆ ಡಿಸಿಟಿ. ಹತ್ತು ಹನ್ನೆರಡು ವರ್ಷ ಒಂದೇ ಕಾರು ಇಟ್ಟುಕೊಳ್ಳುವವರಿಗೂ ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೂ ಮ್ಯಾನ್ಯುಯಲ್ ಅಥವಾ ಟಾರ್ಕ್ ಕನ್ವರ್ಟರ್. ವಾರಂಟಿ ಮುಗಿದ ಡಿಸಿಟಿಯನ್ನು ಸರ್ವಿಸ್ ದಾಖಲೆಯಿಲ್ಲದೆ ಕೊಳ್ಳುವುದು ಜೂಜು.

ಟೆಸ್ಟ್ ಡ್ರೈವ್ ಎಂದು ಶೋರೂಮಿನವರು ಖಾಲಿ ಸರ್ವಿಸ್ ರಸ್ತೆಯಲ್ಲಿ ಎರಡು ಕಿಲೋಮೀಟರ್ ಸುತ್ತಿಸಿ ತರುತ್ತಾರೆ, ಅಲ್ಲಿ ಐದೂ ಚೆನ್ನಾಗಿಯೇ ಇರುತ್ತವೆ. ಸಂಜೆಯ ಹೊತ್ತಿಗೆ ಕೇಳಿ, ಮನೆಯವರನ್ನು ಕೂರಿಸಿಕೊಂಡು, ಹತ್ತಿರದ ಯಾವುದಾದರೂ ಮಾಲ್‌ನ ನೆಲಮಾಳಿಗೆಗೆ ಇಳಿಸಿ, ಏರಿನ ನಡುವೆ ನಿಲ್ಲಿಸಿ ಹೊರಡಿಸಿ ನೋಡಬೇಕು. ಹಿಂದಕ್ಕೆ ಎಷ್ಟು ಜಾರಿತು, ಎಷ್ಟು ನಡುಗಿತು, ವಾಸನೆ ಬಂದಿತೇ ಎಂಬುದನ್ನು ಗಮನಿಸಬೇಕು. ಬಳಿಕ ಇಳಿಜಾರಿನಲ್ಲಿ ನಿಲ್ಲಿಸುವಾಗ ‘ಪಿ’ ಇದ್ದರೆ ಮೊದಲು ಹ್ಯಾಂಡ್‌ಬ್ರೇಕ್ ಎಳೆದು, ಬ್ರೇಕ್ ಪೆಡಲ್ ಸಡಿಲಿಸಿ, ಕಾರು ಹ್ಯಾಂಡ್‌ಬ್ರೇಕಿನ ಮೇಲೆ ನಿಂತಿತೆಂದು ಖಚಿತವಾದ ಮೇಲೆ ಮತ್ತೆ ಪೆಡಲ್ ಒತ್ತಿ ‘ಪಿ’ಗೆ ಹಾಕಬೇಕು, ಇಲ್ಲವಾದರೆ ಇಡೀ ಕಾರಿನ ಭಾರ ಗೇರ್‌ಬಾಕ್ಸಿನೊಳಗಿನ ಸಣ್ಣದೊಂದು ಕೊಕ್ಕೆಯ ಮೇಲೆ ಬಿದ್ದು, ಮತ್ತೆ ಹೊರಡುವಾಗ ಲಿವರ್ ಬಿಗಿಯಾಗಿ ‘ಟಕ್’ ಎಂದು ಕಳಚಿಕೊಳ್ಳುತ್ತದೆ.